ಗುಡಾಣಕ್ಕೆ ನೀರು ಹಾಕಿದ್ದು

ಹೈದರಾಬಾದಿನ ಏಪ್ರಿಲ್ ಬಿಸಿಲಿಗೂ ನನಗೂ ಹಳೆಯ ಜಗಳ. ಸೆರಾಮಿಕ್ ಕಲಾವಿದೆ ಎಂದು ಕಾರ್ಡು ಮಾಡಿಸಿಕೊಂಡವಳು ನಾನು. ಹಸಿ ಮಣ್ಣಿನ ಪಾತ್ರೆ ನಿಧಾನವಾಗಿ ಒಣಗಬೇಕು, ಅವಸರವಾದರೆ ಬಿರುಕು ಬಿಡುತ್ತದೆ. ಈ ಊರಿನ ಬಿಸಿಲಿಗೋ ನಿಧಾನ ಅನ್ನುವುದೇ ಗೊತ್ತಿಲ್ಲ. ಕೊಂಡಾಪುರದ ನಮ್ಮ ಬಾಡಿಗೆ ಮನೆಯಲ್ಲಿ ನೆರಳಿರುವುದು ಕಾರ್ ಶೆಡ್ಡಿನಲ್ಲಿ ಮಾತ್ರ, ಹಾಗಾಗಿ ಅದೇ ನನ್ನ ಕಾರ್ಖಾನೆ. ಕಾರು ಬೀದಿಯಲ್ಲಿ ಒಣಗುತ್ತದೆ. ಗಂಡ ಈ ವಿಷಯ ಎತ್ತುವುದನ್ನು ಬಿಟ್ಟು ಬಹಳ ಕಾಲವಾಯಿತು.

ಆ ವರ್ಷ ನನ್ನ ಮೊದಲ ಪ್ರದರ್ಶನ. ಅದರ ನಟ್ಟನಡುವೆ ನಿಲ್ಲಿಸಲು ಮಣ್ಣಿನ ಸುರುಳಿಯ ಮೇಲೆ ಸುರುಳಿ ಏರಿಸಿ ಒಂದು ದೊಡ್ಡ ಗುಡಾಣ ಕಟ್ಟುತ್ತಿದ್ದೆ. ಅದೊಂದು ಕೈಕೊಟ್ಟರೆ ಉಳಿಯುವುದು ಬರೀ ಕಾಫಿ ಕಪ್ಪುಗಳು.

ಪಕ್ಕದ ಸೈಟಿನಲ್ಲಿ ಅಪಾರ್ಟ್‌ಮೆಂಟು ಏಳುತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ಯಾದಗಿರಿ ಕಡೆಯ ಹೆಂಗಸೊಬ್ಬರು ಕುಡಿಯುವ ನೀರಿಗೆ ನಮ್ಮ ನಲ್ಲಿಗೆ ಬರುತ್ತಿದ್ದರು. ಮೊದಮೊದಲು ಇಬ್ಬರೂ ತೆಲುಗಿನಲ್ಲಿ ಒದ್ದಾಡಿದೆವು. ಒಂದು ದಿನ ನಾನು ಫೋನಿನಲ್ಲಿ ಅಮ್ಮನ ಜೊತೆ ಜಗಳವಾಡುವುದು ಕೇಳಿ, ನಾನೂ ಕನ್ನಡದವಳೆಂದು ಅವರಿಗೆ ತಿಳಿಯಿತು. ನಾನು ಗುಡಾಣ ಅನ್ನುವುದನ್ನು ಅವರು ಹರವಿ ಅನ್ನುತ್ತಿದ್ದರು. ದಿನವೂ ಅದನ್ನು ಸುತ್ತಿ ನೋಡಿ, ಎಷ್ಟು ಕೊಡ ನೀರು ಹಿಡಿಯುತ್ತದೆ ಎಂದು ವಿಚಾರಿಸುವರು. ಇದು ನೀರಿಗಲ್ಲ, ನೋಡುವುದಕ್ಕೆ ಎಂದರೆ, ಅಯ್ಯೋ ಪಾಪ ಎನ್ನುವಂತೆ ನನ್ನ ಮುಖ ನೋಡುವರು.

ಗುಡಾಣ ಮುಗಿದ ಮರುದಿನ ಕೆಲಸದ ಮೇಲೆ ಪಟಾನ್‌ಚೆರುವಿಗೆ ಹೋಗಬೇಕಾಯಿತು. ಅವರನ್ನು ಕರೆದು, ಇದಕ್ಕೆ ಒದ್ದೆ ಬಟ್ಟೆ ಹೊದಿಸಿದ್ದೇನೆ, ಸ್ವಲ್ಪ ನೋಡಿಕೊಳ್ಳಿ, ಬೇಗ ಒಣಗಿದರೆ ಬಿರಿದುಹೋಗುತ್ತದೆ ಎಂದೆ. ಚಿಂತೆ ಬಿಡಿ, ನಮ್ಮ ದಿನದ ಕೆಲಸವೇ ಅದು ಎಂದರು. ಆ ಕೆಲಸ ಏನೆಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಹೊಸ ಕಾಂಕ್ರೀಟು ಬಿರಿಯದಿರಲೆಂದು ಕಂಬಕ್ಕೆ ಗೋಣಿಚೀಲ ಸುತ್ತಿ, ಹೊತ್ತುಹೊತ್ತಿಗೆ ನೀರು ಹೊಡೆಯುವುದು ಅವರ ಕೆಲಸ. ಸಂಜೆ ಬಂದು ನೋಡಿದರೆ ನನ್ನ ಗುಡಾಣಕ್ಕೆ ಗೋಣಿಚೀಲದ ಸೀರೆ, ಹಗ್ಗದ ಡಾಬು, ಪಕ್ಕದಲ್ಲಿ ನೀರಿನ ಪೈಪು. ಚೀಲ ಬಿಚ್ಚಿದೆ. ಮದುವೆ ಊಟ ಮುಗಿಸಿದ ಸೋದರಮಾವನ ಹಾಗೆ ಗುಡಾಣ ನೆಲಕ್ಕೆ ಕುಸಿದು ಕೂತಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಕೂಗಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು ಸಮಾಧಾನವಾಗಿ ಹೇಳಿದರು:

“ನೀರು ಕುಡದ್ರ ಗಟ್ಟಿ ಆಗಬೇಕ್ರಿ ಅಕ್ಕಾರ. ನೀರಿಗೆ ಹೆದರೋ ಹರವಿ ಯಾಕ ಬೇಕ್ರಿ?”

ಸುಟ್ಟ ಮೇಲೆ ಕಲ್ಲಾಗುತ್ತದೆ ಎಂದು ಗೊಣಗಿ ಒಳಗೆ ಹೋಗಿ ಅತ್ತೆ.

ಎರಡನೆಯ ಗುಡಾಣವನ್ನು ಊಟ ತಿಂಡಿ ಬಿಟ್ಟು ಎಬ್ಬಿಸಿದೆ. ನಿಧಾನವಾಗಿ ಒಣಗಿಸಲು ಪುರುಸೊತ್ತಿರಲಿಲ್ಲ. ಮಡಕೆ ಸುಡುವ ಭಟ್ಟಿಯಿಂದ ತೆಗೆದಾಗ ಒಳಗೆ ತಳದಲ್ಲಿ ಒಂದು ಸಣ್ಣ ಗೆರೆ ಕಂಡಿತು. ಬಣ್ಣದ ಗೆರೆಯೋ ಬಿರುಕೋ, ನೀರು ಹಾಕಿದರೆ ತಿಳಿಯುತ್ತಿತ್ತು. ಹಾಕುವ ಧೈರ್ಯ ನನಗಿರಲಿಲ್ಲ. ನೋಡುವುದಕ್ಕೆ ತಾನೇ ಎಂದು ಗ್ಯಾಲರಿಯ ನಡುವೆ ನಿಲ್ಲಿಸಿಬಿಟ್ಟೆ.

ಪ್ರದರ್ಶನದ ದಿನ ಬಂದವರೆಲ್ಲ ಗುಡಾಣ ಸುತ್ತಿ, ತಲೆ ವಾರೆ ಮಾಡಿ, ಇದರಲ್ಲಿ ಆಕಾಶವಿದೆ, ಮೌನವಿದೆ ಎಂದರು. ನಾನು ಉಬ್ಬಿಹೋದೆ. ಅಷ್ಟರಲ್ಲಿ ಪಕ್ಕದ ಸೈಟಿನ ಆ ಹೆಂಗಸು ಬಂದರು, ಇಳಕಲ್ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು. ಕರೆದವಳು ನಾನೇ. ಮುಟ್ಟಬೇಡಿ ಎಂಬ ಬೋರ್ಡು ಇಂಗ್ಲಿಷಿನಲ್ಲಿತ್ತು. ಬೆರಳಿನಿಂದ ಗುಡಾಣ ಬಡಿದು ನೋಡಿದರು.

“ಈಗ ನೀರು ಹಾಕಲೇನ್ರಿ?”

ಎಲ್ಲರೂ ನನ್ನತ್ತ ತಿರುಗಿದರು. ಬೇಡ ಎನ್ನಬಹುದಿತ್ತು. ಹಾಕಿ ಎಂದೆ.

ಮೂಲೆಯಲ್ಲಿದ್ದ ನೀರಿನ ಕ್ಯಾನನ್ನು ಎತ್ತಿ ತಂದು ಸುರಿದರು. ಆಮೇಲೆ, ಹೊಸ ಸ್ಲ್ಯಾಬಿನ ಮೇಲೆ ನೀರು ನಿಲ್ಲಿಸಿ ಸೋರುತ್ತದೆಯೇ ಎಂದು ಕಾಯುವ ಹಾಗೆ, ಕುಕ್ಕರುಗಾಲಲ್ಲಿ ಕೂತರು. ರೇಷ್ಮೆ ಸೀರೆ ಎತ್ತಿಕೊಂಡು ಪಕ್ಕದಲ್ಲಿ ನಾನೂ ಕೂತೆ. ಆಕಾಶ ಕಂಡವರೂ ಬಗ್ಗಿ ನೆಲ ನೋಡತೊಡಗಿದರು.

ಬಹಳ ಹೊತ್ತಾದ ಮೇಲೆ ಅವರು ತಳದ ಸುತ್ತ ಅಂಗೈ ಆಡಿಸಿ ನನಗೆ ತೋರಿಸಿದರು. ಅಂಗೈಗೆ ಒಂದು ಹನಿಯೂ ಹತ್ತಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಅವರು ಪ್ರದರ್ಶನಕ್ಕಿಟ್ಟ ಕಪ್ಪೊಂದನ್ನು ಎತ್ತಿಕೊಂಡು, ಗುಡಾಣದಲ್ಲಿ ಅದ್ದಿ, ನನ್ನ ಕೈಗೆ ಕೊಟ್ಟರು.

“ಇಷ್ಟು ದಿನ ನಿಮ್ಮ ನಲ್ಲಿ ನೀರು ನಾ ಕುಡದೀನ್ರಿ. ಈಗ ನೀವು ಕುಡೀರಿ.”