ಉಡಿ ತುಂಬಿಸಿಕೊಂಡ ಶುಕ್ರವಾರ

ಎಂ.ಎ. ಎರಡನೇ ವರ್ಷದಲ್ಲಿ ನಾನು, ನನ್ನ ಗೆಳತಿ ಗೋಪನಕೊಪ್ಪದ ಒಂದು ಬಾಡಿಗೆ ಕೋಣೆಯಲ್ಲಿದ್ದೆವು. ನನಗೆ ಆಗ ಇಪ್ಪತ್ತಮೂರು. ಕ್ಲಾಸಿನ ಹುಡುಗನೊಬ್ಬನನ್ನು ಪ್ರೀತಿಸುತ್ತಿದ್ದೆ. ನಮಗಿದ್ದ ಚಿಂತೆ ಒಂದೇ, ಜಾಗದ್ದು. ಕಡೆಗೆ ಅವನ ಗೆಳೆಯ ಬೈರಿದೇವರಕೊಪ್ಪದಲ್ಲಿ ಮನೆ ಹಿಡಿದ. ಹಗಲೆಲ್ಲ ಆಫೀಸಿನಲ್ಲಿರುವ ಪುಣ್ಯಾತ್ಮ, ಕೀಲಿ ಕೊಟ್ಟ. ಅಕ್ಕಪಕ್ಕದವರಿಗೆ ಅನುಮಾನ ಬರಬಾರದೆಂದು ನಾನೇ ಉಪಾಯ ಹೂಡಿ, ಗೆಳತಿಯ ಜೊತೆ ಪೇಟೆಗೆ ಹೋಗಿ ಕಾಲುಂಗುರ ಕೊಂಡು ಹಾಕಿಕೊಂಡೆ. ನನ್ನಷ್ಟು ಶಾಣ್ಯಾ ಯಾರೂ ಇಲ್ಲ ಅಂದುಕೊಂಡಿದ್ದೆ.

ನಾನೂ ಅವನೂ ಅಲ್ಲಿಗೆ ಹೋದ ದಿನ ಶ್ರಾವಣದ ಶುಕ್ರವಾರ ಅನ್ನುವುದು ಮಾತ್ರ ತಲೆಗೆ ಹೊಳೆದಿರಲಿಲ್ಲ.

ಗೇಟು ತೆಗೆಯುವಾಗಲೇ ಎದುರು ಮನೆಯ ಹಿರಿಯ ಹೆಂಗಸು, ಓಣಿಗೆಲ್ಲ ಕಾಕು, ನನ್ನ ಕಾಲು ನೋಡಿದರು. “ಈ ಮನಿಯವರ ಪೈಕಿನೇನವಾ? ಬಾ ಒಳಗ. ಶುಕ್ರವಾರ ಮುತ್ತೈದಿ ಬಂದಾಳ, ಹಂಗ ಕಳಸಬಾರದು.” ಮಣೆ ಹಾಕಿ ಕೂರಿಸಿ, ವೇಲ್ ಹಿಡಿಯಲು ಹೇಳಿ, ಅಕ್ಕಿ, ಉತ್ತತ್ತಿ, ತೆಂಗಿನಕಾಯಿ, ಕುಪ್ಪಸಕ್ಕೆಂದು ಒಂದು ಹಸಿರು ಖಣ ಇಟ್ಟು ಉಡಿ ತುಂಬಿದರು. “ಮುಂದಿನ ಶ್ರಾವಣಕ್ಕ ಕೂಸು ಎತ್ಕೊಂಡ ಬಾ” ಎಂದು ಹರಸಿದರು. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಅವನು ಬೆವರಿದ. ಅವನ ಜೇಬಿನಲ್ಲಿದ್ದುದು ಆ ಆಶೀರ್ವಾದಕ್ಕೆ ಪೂರ್ತಿ ವಿರುದ್ಧವಾದ ವಸ್ತು.

ಕಾಕುವಿನ ಕೈಯಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಅರ್ಧ ಮಧ್ಯಾಹ್ನ ಹೋಗಿತ್ತು. ಉಳಿದರ್ಧದಲ್ಲಿ ಆದದ್ದು ಇಷ್ಟೇ. ಇಬ್ಬರಿಗೂ ಬೇಕಿತ್ತು, ಇಬ್ಬರಿಗೂ ಏನೂ ಗೊತ್ತಿರಲಿಲ್ಲ. ನನಗೆ ನೋವಾಯಿತು. ಅವನು ಮೂರು ಸಲ ಸಾರಿ ಕೇಳಿದ.

ಕೋಣೆಗೆ ಬಂದರೆ ಗೆಳತಿ ಬಾಗಿಲಲ್ಲೇ ಕಾಯುತ್ತಿದ್ದಳು. “ಹೆಂಗಿತ್ತು? ಖರೇ ಹೇಳ.”

ಅಷ್ಟು ದೊಡ್ಡ ಸಾಹಸ ಮಾಡಿ ಬಂದು ನೋವಾಯಿತು ಎನ್ನಲು ನನ್ನ ಜಂಬ ಬಿಡಲಿಲ್ಲ. “ಮೈಯೆಲ್ಲಾ ಹಗರಾಗಿ ತೇಲಿದಂಗ ಆತು” ಎಂದೆ. ಅವಳು ಬಾಯಿ ಬಿಟ್ಟುಕೊಂಡು ಕೇಳಿದಳು. ಹಾಗೆ ಕೇಳುವವರು ಸಿಕ್ಕರೆ ನಾನು ನಿಲ್ಲಿಸುವವಳಲ್ಲ, ಇನ್ನಷ್ಟು ಬಣ್ಣ ಹಚ್ಚಿದೆ. ಉಡಿಯ ಕಾಯಿ ಒಡೆದು ಚಟ್ನಿ ಮಾಡಿ ತಿಂದೆವು.

ಒಂದೆರಡು ತಿಂಗಳು ನನ್ನ ಕಥೆಯನ್ನು ನಾನೇ ನಂಬಿ ಮೆರೆದೆ. ಪರೀಕ್ಷೆ ಮುಗಿದು ನಾನೂ ಅವನೂ ಬೇರೆಯಾದಾಗ ನಾಚಿಕೆ ಶುರುವಾಯಿತು. ಅವನ ನೆನಪಿಗಿಂತ ಕಾಕುವಿನ ಖಣವೇ ಹೆಚ್ಚು ಚುಚ್ಚುತ್ತಿತ್ತು, ಅದನ್ನು ಟ್ರಂಕಿನ ತಳಕ್ಕೆ ತುರುಕಿದೆ. ನೌಕರಿ ಸೇರಿ ನಾಲ್ಕಾರು ವರ್ಷವಾದ ಮೇಲೆ ಅದೇ ಮಧ್ಯಾಹ್ನ ನೆನೆದು ಒಬ್ಬಳೇ ನಗತೊಡಗಿದೆ. ಆ ಪೆದ್ದು ಜೋಡಿಯ ಮೇಲೆ ಈಗ ನನಗೆ ಅಕ್ಕರೆ. ಕಳೆದ ವರ್ಷ ಖಣ ತೆಗೆದು ಕುಪ್ಪಸ ಹೊಲಿಸಿ, ಫೋಟೊ ಗೆಳತಿಗೆ ಕಳಿಸಿದೆ. ಅವಳ ಮದುವೆಯಾಗಿ ಆಗ ಎರಡು ವರ್ಷ.

ಕೂಡಲೇ ಫೋನ್ ಬಂತು. ಇಬ್ಬರೂ ಕಾಕುವನ್ನು ನೆನೆದು ಸಾಕಷ್ಟು ನಕ್ಕೆವು. ಆಮೇಲೆ ಅವಳ ದನಿ ಸಣ್ಣದಾಯಿತು. “ತೇಲಿದಂಗ ಆತು ಅಂದಿದ್ದಿಲ್ಲ ನೀ? ನನಗ ಒಮ್ಮಿನೂ ಹಂಗ ಆಗಿಲ್ಲ. ಅವರು ಛಲೋ ಮನಷ್ಯಾರ ಅದಾರ. ನನ್ನಾಗ ಏನೋ ಕಡಿಮಿ ಐತಿ.”

ನನಗಾದ ನೋವು, ಅವನು ಮೂರು ಸಲ ಸಾರಿ ಕೇಳಿದ್ದು, ಎಲ್ಲ ಹೇಳಿದೆ. “ತೇಲಿದ್ದು ಸುಳ್ಳ. ನಿನ್ನಾಗ ಏನೂ ಕಡಿಮಿಲ್ಲ. ಏನ ಬೇಕು, ಏನ ಬ್ಯಾಡ ಅಂತ ಅವರಿಗೆ ಬಾಯಿ ಬಿಟ್ಟು ಹೇಳು.”

ಅವಳು ಬೈಯುತ್ತಾಳೆಂದು ಕಾದೆ.

“ಇದನ್ನ ಅವತ್ತ ಚಟ್ನಿ ತಿನ್ನೂವಾಗ ಹೇಳಬೇಕಿತ್ತು” ಎಂದಳು. “ಎರಡು ವರ್ಷ ಆತು, ಪ್ರತಿ ಸಲ ಅವರ ಮುಂದ ನಾ ತೇಲಿದಂಗ ನಟನೆ ಮಾಡಾಕತ್ತೇನಿ.”