ಬಾಲ ಎಳೆದರೆ ತೂಗುವ ಕಾಗದದ ತೊಟ್ಟಿಲು

ಯಲಹಂಕ ಕೆರೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ರೈಲ್ವೆ ಸ್ಟೇಷನ್ನಿನ ಹಿಂದಿರುವ ಕ್ವಾರ್ಟರ್ಸ್ ಸಾಲಿನಲ್ಲಿ ಕೊನೆಯ ಮನೆಯ ಬಾಗಿಲು ಮಾತ್ರ ತೆರೆದಿದೆ. ಹೊಸ್ತಿಲಿನ ಒಳಗೆ, ಬೆಳಕು ಮೊದಲು ಬೀಳುವ ಜಾಗದಲ್ಲಿ ಚಾಪೆ ಹಾಸಿಕೊಂಡು ಅಂಜಿನಮ್ಮ ಕೂತಿದ್ದಾರೆ. ಒಲೆಯ ಮೇಲೆ ಹುಣಸೆ ಬೀಜದ ಅಂಟು ಕುದಿಯುತ್ತಿದೆ. ಒಂದು ಕಣ್ಣು ಅದರ ಮೇಲೆ, ಇನ್ನೊಂದು ಕಣ್ಣು ಸೂಜಿಯ ಮೇಲೆ. ಸೂಜಿಯ ತುದಿಯಲ್ಲಿ ಹೆಬ್ಬೆರಳ ಗಾತ್ರದ ಒಂದು ಕಾಗದದ ತೊಟ್ಟಿಲು, ಅದರೊಳಗೆ ಅವರೆಕಾಳಿನಷ್ಟು ಮುಖದ ಒಂದು ಮಗು.

ದಾರ ತೂರಿ, ಹಿಂದೊಂದು ಮುಂದೊಂದು ಗಂಟು ಹಾಕಿ, ಕಾರ್ಡಿನ ಪಕ್ಕದಿಂದ ಹೊರಗೆ ಇಣುಕುವ ಉದ್ದನೆಯ ರಟ್ಟಿನ ಪಟ್ಟಿಯನ್ನು ಅಂಜಿನಮ್ಮ ಮೆಲ್ಲನೆ ಎಳೆಯುತ್ತಾರೆ. ತೊಟ್ಟಿಲು ಅತ್ತ ಹೋಗಿ ಇತ್ತ ಬರುತ್ತದೆ. ಮಗುವಿನ ಕಣ್ಣು ಮುಚ್ಚಿಯೇ ಇದೆ. ಅಂಜಿನಮ್ಮ ತುಟಿಯಂಚಿನಲ್ಲಿ ನಕ್ಕು ಕಾರ್ಡನ್ನು ಹಗ್ಗಕ್ಕೆ ಸಿಕ್ಕಿಸಿ ಒಣಗಲು ಬಿಡುತ್ತಾರೆ.

ಆ ಪಟ್ಟಿಗೆ ಅವರಿಟ್ಟ ಹೆಸರು ಬಾಲ. "ಬಾಲ ಇಲ್ದಿದ್ರೆ ಕಾರ್ಡು ಬರೀ ಚಿತ್ರ. ಚಿತ್ರ ಯಾರು ಬೇಕಾದ್ರೂ ಬರೀತಾರೆ," ಎನ್ನುತ್ತಾರೆ ಅಂಜಿನಮ್ಮ. ಅವರ ಸಂಕ್ರಾಂತಿ ಕಾರ್ಡಿನ ಬಾಲ ಎಳೆದರೆ ಎತ್ತು ಕೋಡಾಡಿಸುತ್ತದೆ. ದೀಪಾವಳಿ ಕಾರ್ಡಿನಲ್ಲಿ ನೆಲಚಕ್ರ ಗಿರ್ರನೆ ತಿರುಗುತ್ತದೆ. ರಂಜಾನ್ ಕಾರ್ಡಿನಲ್ಲಿ ಮಸೀದಿಯ ಹಿಂದಿನಿಂದ ಚಂದ್ರ ಎದ್ದು ಬರುತ್ತಾನೆ, ಬಾಲ ಬಿಟ್ಟರೆ ನಾಚಿಕೊಂಡವನಂತೆ ಮತ್ತೆ ಇಳಿಯುತ್ತಾನೆ. ಉಡುಗೊರೆಗೆ ಕಟ್ಟುವ ಚೀಟಿಗಳಲ್ಲಿ ಗಿಣಿ ಸೀಬೆಹಣ್ಣು ಕುಕ್ಕುತ್ತದೆ. ಪೇಟೆಯಲ್ಲಿ ಇವನ್ನು ಕೊಂಡವರು ಹಬ್ಬ ಮುಗಿದ ಮೇಲೂ ಎಳೆದೆಳೆದು ಬಾಲ ಹರಿಯುವವರೆಗೆ ಆಡುತ್ತಾರಂತೆ. ಯಾರ ಕೈಕೆಲಸ ಎಂದು ಕೇಳಿದವರಿಲ್ಲ. ಕಾರ್ಡಿನ ಹಿಂದೆ ಹೆಸರು ಹಾಕಬಾರದೇ ಎಂದರೆ ಅಂಜಿನಮ್ಮನಿಗೆ ನಗು. "ರೊಟ್ಟಿ ಮೇಲೆ ಎಸ್ರು ಬರ್ಕೊಂಡು ತಟ್ತಾರಾ?"

ಯಶವಂತಪುರದ ಪುಸ್ತಕದ ಬೈಂಡರ್ ಮೊಯಿನುದ್ದೀನ್ ಸಾಹೇಬರು ತಮ್ಮ ಅಂಗಡಿಯಲ್ಲಿ ಉಳಿದ ರಟ್ಟಿನ ಚೂರುಗಳನ್ನು ಗೋಣಿಯಲ್ಲಿ ತುಂಬಿ ರೈಲಿನಲ್ಲಿ ಕಳಿಸುತ್ತಾರೆ. ಅದರಲ್ಲಿ ಒಂದು ದಿನಕ್ಕೆ ಹತ್ತು ಹನ್ನೆರಡು ಕಾರ್ಡು ಎದ್ದರೆ ಹೆಚ್ಚು. ಕೆಲಸ ಬೇಗ ಸಾಗಲೆಂದು ಸಾಹೇಬರು ಈ ಸಲದ ತೊಟ್ಟಿಲ ಕಾರ್ಡಿಗೆ ಒಂದು ಉಪಾಯ ಹೇಳಿದ್ದರು. ಮೊದಲು ತೊಟ್ಟಿಲುಗಳನ್ನೆಲ್ಲ ಜೋಡಿಸಿ, ಎಳೆದು ನೋಡಿ, ಸರಿಯಾಗಿ ಆಡುವುದಕ್ಕೆ ಮಾತ್ರ ಆಮೇಲೆ ಮಗು ಅಂಟಿಸಿದರೆ ಬಣ್ಣವೂ ಉಳಿಯಿತು, ಹೊತ್ತೂ ಉಳಿಯಿತು. ಅಂಜಿನಮ್ಮ ಎರಡೂ ಕಿವಿ ಮುಚ್ಚಿಕೊಂಡರು. "ಖಾಲಿ ತೊಟ್ಲು ತೂಗ್ಬಾರ್ದು ಸಾಬ್ರೇ. ಕಾಗದದ್ದಾದ್ರೂ ತೊಟ್ಲೇ." ಆದ್ದರಿಂದ ಇವರ ಮನೆಯಲ್ಲಿ ಮೊದಲು ಮಗು, ಆಮೇಲೆ ತೊಟ್ಟಿಲು, ಎಲ್ಲಕ್ಕೂ ಕೊನೆಗೆ ಬಾಲ. ಆಡದೆ ಹಟ ಹಿಡಿದ ತೊಟ್ಟಿಲನ್ನು ಬಿಚ್ಚುವಾಗಲೂ ಮಗುವನ್ನು ಅಂಗೈಯಲ್ಲಿ ಇಟ್ಟುಕೊಂಡಿರುತ್ತಾರೆ.

ಇಷ್ಟೆಲ್ಲ ಬಾಲಗಳನ್ನು ಊರೆಲ್ಲ ಎಳೆದಿದೆ. ಸ್ಟೇಷನ್ ಮಾಸ್ತರರು ಎಳೆದಿದ್ದಾರೆ, ಏರೋಡ್ರೋಮಿನ ಸಿಪಾಯಿಗಳು ಎಳೆದಿದ್ದಾರೆ, ಸೊಗಡವರೆ ಮಾರಲು ಬರುವ ಹೆಂಗಸರು ಬುಟ್ಟಿ ಇಳಿಸಿ ಎಳೆದಿದ್ದಾರೆ. ಎಳೆಯದವರು ಒಬ್ಬರೇ, ಅಂಜಿನಮ್ಮನ ಗಂಡ ಮುನಿರಾಮಯ್ಯ. ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿರುವ ಅವರು ರಟ್ಟಿನ ಗೋಣಿ ಹೊತ್ತು ತರುತ್ತಾರೆ, ಅಂಟಿಗೆ ಬೀಜ ಕುಟ್ಟಿ ಕೊಡುತ್ತಾರೆ, ಒಣಗಿದ ಕಾರ್ಡುಗಳನ್ನು ಅಂಚು ಮುಟ್ಟಿ ಜೋಡಿಸಿಡುತ್ತಾರೆ. ಬಾಲ ಮಾತ್ರ ಮುಟ್ಟುವುದಿಲ್ಲ.

"ಅವ್ರು ಒಂದ್ಸಲ ಎಳೀಬೇಕು. ಅದೊಂದೇ ನಂಗೆ ಆಸೆ," ಎನ್ನುತ್ತಾ ಅಂಜಿನಮ್ಮ ಸೌಟಿನಿಂದ ಅಂಟು ತಿರುಗಿಸುತ್ತಾರೆ. "ಬಾಯ್ಬಿಟ್ಟು ಕೇಳಾಕಾಗಲ್ಲ. ಕೇಳಿ ಎಳೆಸಿದ್ರೆ ಏನು ಬಂತು?"

ಈ ಆಸೆಯ ಬೇರು ಹನ್ನೆರಡು ವರ್ಷ ಹಿಂದಿನದು. ಐವತ್ತೆರಡನೇ ಇಸವಿಯಲ್ಲಿ ಮುನಿರಾಮಯ್ಯ ರಾಜಾನುಕುಂಟೆ ಕಡೆಯ ಒಂದು ಗೇಟು ಕಾಯುತ್ತಿದ್ದರು. ಹಳಿಯ ಪಕ್ಕದಲ್ಲೊಂದು ಗುಡಿಸಲಿನಂಥ ಕೋಣೆ, ಸುತ್ತ ದ್ರಾಕ್ಷಿ ತೋಟ. ಅಲ್ಲಿಯೇ ಅವರ ಮೊದಲ ಮಗು, ಹೆಣ್ಣು ಮಗು, ಸೀರೆಯ ಜೋಲಿಯಲ್ಲಿ ಬೆಳೆಯುತ್ತಿತ್ತು. ಅಂಜಿನಮ್ಮನಿಗೆ ರಾಗಿ ಬೀಸಬೇಕು, ನೀರು ಸೇದಬೇಕು. ಗಂಡ ಗೇಟು ಬಿಟ್ಟು ಒಳಗೆ ಬರುವಂತಿಲ್ಲ. ಸಿಗ್ನಲ್ಲಿನ ತಂತಿಯನ್ನು ದಿನವೂ ನೋಡುವ ಮನುಷ್ಯನಿಗೆ ಒಂದು ಬುದ್ಧಿ ಹೊಳೆಯಿತು. ಇಲ್ಲಿ ಸನ್ನೆಕೋಲು ಎಳೆದರೆ ಅಷ್ಟು ದೂರದಲ್ಲಿ ಸಿಗ್ನಲ್ಲಿನ ಕೈ ಬೀಳುತ್ತದಲ್ಲ! ಜೋಲಿಗೊಂದು ಹಗ್ಗ ಕಟ್ಟಿ, ಕಿಟಕಿಯಿಂದ ಹೊರಗೆ ಬಿಟ್ಟು, ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಎಳೆದರು.

"ಹೊರಗಿಂದ ಕೂಗೋರು, 'ತೂಗ್ತೈತಾ?' ಅಂತ. ನಾನು ಒಳಗಿಂದ, 'ತೂಗ್ತೈತೆ, ಎಳೀರಿ' ಅನ್ನೋಳು. ದಿನಾ ಅದೇ ಮಾತು. ಅದೇ ನಮ್ ಸಂಸಾರ," ಎಂದು ಹೇಳುವಾಗ ಅಂಜಿನಮ್ಮನ ಮುಖದಲ್ಲಿ ಹೊಸ ಮದುವಣಗಿತ್ತಿಯ ನಗು. ದ್ರಾಕ್ಷಿ ತೋಟದ ಮೇಲೆ ಬಿಸಿಲು ಇಳಿಯುತ್ತಿರಲು, ಗೋಡೆಯ ಆಚೆ ಅಪ್ಪ, ಈಚೆ ಅಮ್ಮ, ನಡುವೆ ಒಂದು ಹಗ್ಗ, ಮಗುವಿನ ನಿದ್ದೆ. ಆ ದಿನಗಳನ್ನು ನೆನೆದರೆ ತಾವೇ ಜೋಲಿಯಲ್ಲಿ ಮಲಗಿದ್ದಂತೆ ಅನ್ನಿಸುತ್ತದಂತೆ.

ಮಳೆಗಾಲದ ಒಂದು ಜ್ವರಕ್ಕೆ ಮಗು ಉಳಿಯಲಿಲ್ಲ. ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಮುನಿರಾಮಯ್ಯ ಕೆಲಸಕ್ಕೆ ಕೂತರು. ಕೂತವರ ಕೈ ತಾನಾಗಿ ಹಗ್ಗಕ್ಕೆ ಹೋಯಿತು. ಒಳಗೆ ಖಾಲಿ ಜೋಲಿ ತೂಗತೊಡಗಿತು.

"ನಾನು ನೋಡ್ತಾ ನಿಂತೆ. ಖಾಲಿ ಜೋಲಿ ತೂಗ್ಬಾರ್ದು. ನಿಲ್ಲಿಸ್ರೀ ಅನ್ನಾಕೆ ಬಾಯಿ ಬರ್ಲಿಲ್ಲ. ಅನ್ನೋದು ಎಂಗೆ?" ಅಂಜಿನಮ್ಮ ಸೆರಗಿನ ತುದಿಯಿಂದ ಸೂಜಿ ಒರೆಸುತ್ತಾರೆ. "ನಾಮಕರಣದಲ್ಲಿ ಮಗೂಗಿಂತ ಮೊದ್ಲು ತೊಟ್ಲಿಗೆ ಗುಂಡುಕಲ್ಲು ಆಕ್ತಾರಲ್ಲ, ಒರಳಿಂದು, ಅದನ್ನ ಎತ್ಕೊಂಡ್ಬಂದು ಜೋಲೀಲಿ ಮಲಗಿಸ್ದೆ. ಖಾಲಿ ಅಲ್ವಲ್ಲ ಆಗ. ಅವ್ರು ಎಳೀತಾನೇ ಇದ್ರು."

ಎಷ್ಟೋ ದಿನ ಹಾಗೆಯೇ ನಡೆಯಿತು. ಹೊರಗಿನಿಂದ 'ತೂಗ್ತೈತಾ' ಎಂಬ ಕೂಗಿಲ್ಲ, ಒಳಗಿನಿಂದ ಉತ್ತರವಿಲ್ಲ. ಗುಂಡುಕಲ್ಲು ಜೋಲಿಯಲ್ಲೇ ಇದ್ದುದರಿಂದ ಅಂಜಿನಮ್ಮ ಚಟ್ನಿ ಅರೆಯುವುದನ್ನೇ ಬಿಟ್ಟರು. ಒಂದು ದಿನ ಹಗ್ಗ ನಿಂತಿತು. ಆಮೇಲೆ ಯಲಹಂಕಕ್ಕೆ ವರ್ಗವಾಯಿತು. ಕಲ್ಲಿನ ವಿಷಯ ಗಂಡನಿಗೆ ಗೊತ್ತಾಯಿತೋ ಇಲ್ಲವೋ, ಅಂಜಿನಮ್ಮ ಇವತ್ತಿನವರೆಗೂ ಕೇಳಿಲ್ಲ. ಮತ್ತೆ ಮಕ್ಕಳಾಗಲಿಲ್ಲ.

ಕಾರ್ಡಿನ ಕಸುಬು ಶುರುವಾದದ್ದು ಸ್ಟೇಷನ್ನಿನ ಬೆಂಚಿನ ಮೇಲೆ. ಚಿಕ್ಕಬಳ್ಳಾಪುರದ ಸಣ್ಣ ಗಾಡಿ ತಡವಾಗಿ ಯಾರದೋ ಕೂಸು ರಚ್ಚೆ ಹಿಡಿದಿತ್ತು. ಗಂಡನಿಗೆ ಬುತ್ತಿ ತಂದಿದ್ದ ಅಂಜಿನಮ್ಮ ಟೀ ಪೊಟ್ಟಣದ ರಟ್ಟು ಹರಿದು, ದಾರ ಕಟ್ಟಿ, ಎಳೆದರೆ ಕೈ ಬೀಳುವ ಪುಟ್ಟ ಸಿಗ್ನಲ್ಲು ಮಾಡಿಕೊಟ್ಟರು. ಕೂಸು ಸುಮ್ಮನಾಯಿತು. ಅದೇ ಬೆಂಚಿನಲ್ಲಿ ಕೂತಿದ್ದವರು ಹೆಬ್ಬಾಳದ ಸ್ಕೂಲು ಟೀಚರ್ ಗ್ರೇಸಮ್ಮ. "ಕ್ರಿಸ್ಮಸ್ಸಿಗೆ ಇಂಥದ್ದು ಮಾಡಿಕೊಡ್ತೀರಾ?" ಎಂದು ಕೇಳಿದರು. ಅಂದಿನಿಂದ ಪ್ರತಿ ಡಿಸೆಂಬರಿನಲ್ಲೂ ಅವರ ಚರ್ಚಿನ ಮಾರಾಟದ ಮೇಜಿನ ಮೇಲೆ ಅಂಜಿನಮ್ಮನ ಕಾರ್ಡುಗಳಿರುತ್ತವೆ. ನಕ್ಷತ್ರ ಮಿನುಗಿತು, ಗಂಟೆ ಆಡಿತು, ಕುರಿ ತಲೆದೂಗಿತು. ತೊಟ್ಟಿಲನ್ನು ಮಾತ್ರ ಇಷ್ಟು ವರ್ಷ ಅವರು ಮಾಡಿರಲಿಲ್ಲ.

ಈ ವರ್ಷ ಗ್ರೇಸಮ್ಮ ಮಾದರಿಗೆಂದು ಕೊಟ್ಟ ಕ್ರಿಸ್ಮಸ್ ಚಿತ್ರದಲ್ಲಿ ತಾಯಿ, ಮಗು, ದನಕರು ಎಲ್ಲ ಇದ್ದವು. ಮೂಲೆಯಲ್ಲಿ ಗಡ್ಡದ ಒಬ್ಬ ಮನುಷ್ಯ ಕೈಕಟ್ಟಿಕೊಂಡು ನಿಂತಿದ್ದ. "ಈಯಪ್ಪ ಯಾಕೆ ಸುಮ್ನೆ ನಿಂತವ್ನೆ?" ಎಂದು ಅಂಜಿನಮ್ಮ ಕೇಳಿದರು. ಮಗುವಿನ ಸಾಕುತಂದೆ ಯೋಸೇಫ, ಅವನಿಗೆ ಅಲ್ಲಿ ಅಂಥ ಕೆಲಸವೇನಿಲ್ಲ ಎಂದರು ಗ್ರೇಸಮ್ಮ. ಅಂಜಿನಮ್ಮನಿಗೆ ರಾತ್ರಿಯೆಲ್ಲ ಅದೇ ಯೋಚನೆ. ಮಾರನೆಯ ದಿನ ಆ ಮನುಷ್ಯನನ್ನು ಕೊಟ್ಟಿಗೆಯ ಗೋಡೆಯಾಚೆ ಒಂದು ಕಲ್ಲಿನ ಮೇಲೆ ಕೂರಿಸಿ, ಕೈಗೆ ಹಗ್ಗ ಕೊಟ್ಟರು. ಗೋಡೆಯ ಈಚೆ ತೊಲೆಗೆ ತೊಟ್ಟಿಲು ಕಟ್ಟಿದರು. ಈ ಕಾರ್ಡಿನ ಬಾಲ ಆ ಮನುಷ್ಯನ ಕೈಯಿಂದಲೇ ಹೊರಟಿದೆ. ಇದನ್ನು ನೋಡಿಯಾದರೂ ಗಂಡ ಒಮ್ಮೆ ಎಳೆದಾರು ಎಂಬ ಆಸೆಯಿಂದ ಕಾರ್ಡುಗಳನ್ನು ಬಾಗಿಲೆದುರಿನ ಹಗ್ಗಕ್ಕೇ ಸಿಕ್ಕಿಸುತ್ತಾರೆ. ಮುನಿರಾಮಯ್ಯ ತಲೆ ಬಗ್ಗಿಸಿಕೊಂಡು ಅದರ ಅಡಿಯಲ್ಲೇ ನುಸುಳಿ ಓಡಾಡುತ್ತಾರೆ.

ಮಂಜು ಕರಗುವ ಹೊತ್ತಿಗೆ ಗ್ರೇಸಮ್ಮ ಛತ್ರಿ ಊರಿಕೊಂಡು ಬರುತ್ತಾರೆ. ಚಾಪೆಯ ಮೇಲೆ ಕೂತವರು ಹಗ್ಗದ ಮೇಲಿನ ಕಾರ್ಡುಗಳನ್ನೆಲ್ಲ ಒಂದೊಂದಾಗಿ ನೋಡುತ್ತಾರೆ.

"ಚರ್ಚಿನ ಕಮಿಟಿಯವರು ಮಾದರಿ ಕಾರ್ಡು ನೋಡಿದ್ರು ಅಂಜಿನಮ್ಮ. ತುಂಬಾ ಚೆನ್ನಾಗಿದೆ ಅಂದ್ರು. ಆದ್ರೆ ತೊಟ್ಟಿಲು ಬೇಡ ಅಂತಾರೆ. ನಮ್ಮ ಸ್ವಾಮಿ ಹುಟ್ಟಿದಾಗ ತೊಟ್ಟಿಲಿರ್ಲಿಲ್ಲ ಕಣ್ರೀ. ದನ ಮೇವು ತಿನ್ನೋ ಗೋದಲೀಲಿ ಮಲಗಿಸಿದ್ರು."

"ತೊಟ್ಲಿಗೇನು ತಾಯಿ, ಬಡವರ ಮನೇಲೂ ಕಟ್ತಾರೆ. ಒಂದು ಹಳೇ ಸೀರೆ ಇದ್ರಾಯ್ತು."

"ಅವತ್ತು ಅವರ ಹತ್ರ ಅದೂ ಇರ್ಲಿಲ್ಲ. ಪರವೂರು, ಯಾರೂ ಮನೆ ಕೊಡ್ಲಿಲ್ಲ. ಅದನ್ನ ನೆನೆಸ್ಕೊಳ್ಳೋದೇ ನಮ್ಮ ಹಬ್ಬ."

ಅಂಜಿನಮ್ಮ ಕತ್ತರಿ ಕೆಳಗಿಡುತ್ತಾರೆ. ಕಟ್ಟಲು ಒಂದು ಹಳೆಯ ಸೀರೆಯೂ ಇಲ್ಲದ ಬಾಣಂತಿಯನ್ನು ಅವರು ಊಹಿಸಿರಲಿಲ್ಲ. "ಅಯ್ಯೋ ಪಾಪ," ಎನ್ನುತ್ತಾರೆ, ನಿಜವಾಗಿಯೂ ನೊಂದು. ವಾದ ಅಲ್ಲಿಗೆ ಮುಗಿಯುತ್ತದೆ. ಅವರ ದೇವರ ಕಷ್ಟ ಅವರಿಗೆ ಗೊತ್ತು. ಆದರೆ ತೊಟ್ಟಿಲು ಹೋದರೆ ಹಗ್ಗವೂ ಹೋಯಿತು, ಹಗ್ಗದ ತುದಿಯಲ್ಲಿ ಕೂತವನ ಕೆಲಸವೂ ಹೋಯಿತು. ಅದನ್ನು ಯಾರಿಗೆ ಹೇಳುವುದು?

ಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡು ಅಂಜಿನಮ್ಮ ಕೇಳುತ್ತಾರೆ, "ಗೋದಲೀಲಿ ಮಲಗಿದ ಮಗೂನ ತಾಯಿ ತಟ್ಟಬೌದಾ?"

"ತಟ್ಟಬಹುದು," ಎಂದು ಗ್ರೇಸಮ್ಮ ನಗುತ್ತಾರೆ. "ತಟ್ಟದೆ ಯಾವ ತಾಯಿ ಇರ್ತಾಳೆ?"

ಹೀಗೆ ಇಬ್ಬರೂ ಸೇರಿ ತೊಟ್ಟಿಲು ಬಿಚ್ಚಲು ಕೂತಿದ್ದಾರೆ. ಅಂಜಿನಮ್ಮ ಮಗುವನ್ನು ಮೊದಲು ಎತ್ತಿ ಗ್ರೇಸಮ್ಮನ ಅಂಗೈಗೆ ಕೊಡುತ್ತಾರೆ, ಆಮೇಲಷ್ಟೇ ತೊಟ್ಟಿಲಿನ ಗಂಟು ಕತ್ತರಿಸುತ್ತಾರೆ. ಬಾಲ ಇನ್ನು ಮೇಲೆ ತಾಯಿಯ ಕೈಗೆ.

ಅಷ್ಟರಲ್ಲಿ ರಾತ್ರಿಪಾಳಿ ಮುಗಿಸಿದ ಮುನಿರಾಮಯ್ಯ ಬರುತ್ತಾರೆ. ಕೈದೀಪ ಮೂಲೆಗಿಟ್ಟು, ಕೈಕಾಲು ತೊಳೆದು, ಏನೆಂದು ಕೇಳಿ ತಿಳಿದುಕೊಂಡು, ತಾವೂ ಒಂದು ಬ್ಲೇಡು ಹಿಡಿದು ಹೊಸ್ತಿಲ ಮೇಲೆ ಕೂರುತ್ತಾರೆ. ಹಗ್ಗದಿಂದ ಒಂದು ಕಾರ್ಡು ಬಿಡಿಸಿಕೊಳ್ಳುತ್ತಾರೆ. ಇಷ್ಟು ದಿನ ಅದರ ಅಡಿಯಲ್ಲಿ ನುಸುಳಿ ಹೋದವರು ಈಗ ಮೊದಲ ಸಲ ತೊಟ್ಟಿಲಿನ ಕಾರ್ಡೊಂದನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ. ಗೋಡೆ. ಗೋಡೆಯಾಚೆ ಕಲ್ಲು. ಕಲ್ಲಿನ ಮೇಲೆ ಕೂತ ಮನುಷ್ಯ. ಬ್ಲೇಡು ಹಿಡಿದ ಕೈ ಹಾಗೆಯೇ ನಿಲ್ಲುತ್ತದೆ.

ಅಂಜಿನಮ್ಮ ತಲೆ ಎತ್ತುವುದಿಲ್ಲ. ದೂರದಲ್ಲಿ ಏರೋಡ್ರೋಮಿನಿಂದ ಒಂದು ವಿಮಾನ ಎದ್ದು, ಸದ್ದು ಕೆರೆಯ ಮೇಲೆ ಸಾಗಿ ಹೋಗುತ್ತದೆ.

"ಇದ್ರಲ್ಲಿ ಕಲ್ಲಿಲ್ಲ ಅಲ್ವಾ?" ಎಂದು ಮುನಿರಾಮಯ್ಯ ಮೆತ್ತಗೆ ಕೇಳುತ್ತಾರೆ.

ಗಂಡನಿಗೆ ಗೊತ್ತಿತ್ತು. ಹಗ್ಗದ ಭಾರ ಎಳೆಯುವವನ ಕೈಗೆ ತಿಳಿಯದೆ ಇರುತ್ತದೆಯೇ? ಗೊತ್ತಿದ್ದೂ ಎಳೆದಿದ್ದರು, ಒಳಗಿರುವವಳಿಗೋಸ್ಕರ. ಒಳಗಿದ್ದವಳು ಕಲ್ಲು ಮಲಗಿಸಿದ್ದಳು, ಹೊರಗಿರುವವನಿಗೋಸ್ಕರ. ಅಂಜಿನಮ್ಮನ ಕಣ್ಣಿನಿಂದ ನೀರು ಸೆರಗಿಗೆ ಇಳಿಯುತ್ತದೆ. ಅದನ್ನು ಒರೆಸಿಕೊಳ್ಳುವ ಗೋಜಿಗೆ ಅವರು ಹೋಗುವುದಿಲ್ಲ.

"ಇಲ್ಲ," ಎನ್ನುತ್ತಾರೆ. "ಮಗೂನೇ ಐತೆ."

ಗ್ರೇಸಮ್ಮನಿಗೆ ಇದರ ತಲೆಬುಡ ತಿಳಿಯದು. ಆದರೂ ಏನೋ ಅರಿತವರಂತೆ ಅವರು ಕಾರ್ಡು ಬಿಚ್ಚುವುದನ್ನು ಬಿಟ್ಟು, ಅಂಗೈಯಲ್ಲಿದ್ದ ಕಾಗದದ ಮಗುವಿನ ಮೇಲೆ ಇನ್ನೊಂದು ಕೈ ಮುಚ್ಚಿಕೊಂಡು ಕೂರುತ್ತಾರೆ.

ಮುನಿರಾಮಯ್ಯ ಬ್ಲೇಡನ್ನು ಹೊಸ್ತಿಲ ಮೇಲಿಟ್ಟು, ಬಾಗಿಲ ಆಚೆ ಕಡೆ ತಿರುಗಿ, ಬಾಲವನ್ನು ಎರಡು ಬೆರಳಲ್ಲಿ ಹಿಡಿಯುತ್ತಾರೆ. ಬೆನ್ನು ಮನೆಯ ಕಡೆಗಿದೆ, ಮುಖ ಹಳಿಯ ಕಡೆಗೆ.

"ತೂಗ್ತೈತಾ?"

ಅವರ ಕೈಯಲ್ಲಿರುವ ಕಾರ್ಡು ಅಂಜಿನಮ್ಮ ಕೂತಲ್ಲಿಗೆ ಕಾಣುವುದಿಲ್ಲ.

"ತೂಗ್ತೈತೆ," ಎನ್ನುತ್ತಾರೆ ಅಂಜಿನಮ್ಮ. "ಎಳೀರಿ."