ಅಕ್ಕ ಕಿರಿದು ಮಾಡಿಕೊಂಡ ಪರದೆ

ಹೋದ ವಾರ ಆಫೀಸಿನಲ್ಲಿ ನನ್ನ ಮೇಜಿಗೆ ಹೊಸ ಕಂಪ್ಯೂಟರ್ ಬಂತು. ಹಳೆಯದರ ಸೆಟ್ಟಿಂಗ್ ಕಡತವನ್ನು ಅದಕ್ಕೆ ತುಂಬಿ, ಆದೇಶಗಳನ್ನು ಟೈಪ್ ಮಾಡಿಯೇ ಕೆಲಸ ಮಾಡಿಸುವ ಕಪ್ಪು ಕಿಟಕಿಯನ್ನು, ಟರ್ಮಿನಲ್ಲನ್ನು, ತೆರೆದೆ. ಅಷ್ಟಗಲದ ಪರದೆಯ ನಟ್ಟನಡುವೆ ಅಂಗೈಯಷ್ಟು ಚೌಕ, ಅದರಲ್ಲಿ ಏಳೆಂಟು ಸಾಲು, ಸುತ್ತ ಬರೀ ಕಪ್ಪು. ಹಿಂದೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಅಕ್ಕ ನೆನಪಾದರು...

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ, ಮಂಡಿ ವರ್ತಕರಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಆಫೀಸು ನಮ್ಮದು. ನಾನು ತೊಗರ್ಸಿಯಿಂದ ಬರುತ್ತಿದ್ದೆ, ಅವರು ಸೊರಬದಿಂದ. ನನಗಿಂತ ಹಿರಿಯರು, ಬಾಯಿ ಜೋರು. ಮೌಸ್ ಮುಟ್ಟುತ್ತಲೇ ಇರಲಿಲ್ಲ. ಕೋಡ್ ಬರೆಯುವುದು, ಓಡಿಸುವುದು, ತಪ್ಪು ಹುಡುಕುವುದು ಎಲ್ಲವೂ ಟರ್ಮಿನಲ್ಲಿನಲ್ಲೇ, ಕೀಲಿ ಒತ್ತಿಯೇ. ಉದ್ದುದ್ದ ಆದೇಶಗಳನ್ನೆಲ್ಲ ಒಂದೆರಡು ಅಕ್ಷರಕ್ಕೆ ಇಳಿಸಿಕೊಂಡಿದ್ದರು. ಪುಟಗಟ್ಟಲೆ ಬರುವ ಉತ್ತರದಲ್ಲಿ ಬೇಕಾದ ಸಾಲು ಮಾತ್ರ, ಯಾವಾಗಲೂ ಪರದೆಯ ನಡುವಿನ ಒಂದು ಚೌಕದಲ್ಲೇ ಕಾಣಬೇಕು. ಏನಾದರೂ ಕೆಟ್ಟರೆ ಗಂಟೆ ಬಾರಿಸಬೇಕು. ಕೆಲವು ತಿಂಗಳಿಗೊಮ್ಮೆ ಆ ಚೌಕವನ್ನು ಇನ್ನಷ್ಟು ಸಣ್ಣದು ಮಾಡಿಕೊಳ್ಳುತ್ತಿದ್ದರು.

ನನಗೆ ಅದು ಪಳಗಿದವರ ಶೈಲಿ ಎನಿಸಿತು. ಅವರ ಸೆಟ್ಟಿಂಗ್ ಕಡತವನ್ನೇ ಕೇಳಿ ಪಡೆದು ನನ್ನ ಕಂಪ್ಯೂಟರಿಗೂ ಹಾಕಿಕೊಂಡೆ. ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡ ಹಾಗಾಯಿತು. ಆ ಇಕ್ಕಟ್ಟಿನಲ್ಲಿ ನನಗೆ ಕೆಲಸವೇ ಸಾಗದು. ಆದರೂ ಬಿಡಲಿಲ್ಲ. ಅವರು ಚೌಕ ಕಿರಿದು ಮಾಡಿದಾಗಲೆಲ್ಲ ನಾನೂ ಮಾಡುತ್ತಿದ್ದೆ. ಅಕ್ಕ ನೋಡಿ ನಗುತ್ತಿದ್ದರು.

ಒಂದು ಮುಸ್ಸಂಜೆ ಒಟ್ಟಿಗೆ ಮೆಟ್ಟಿಲಿಳಿದು ರಸ್ತೆಗೆ ಬಂದೆವು. ಸೊರಬದ ಬಸ್ಸು ಅಲ್ಲೇ ಬದಿಯಲ್ಲಿ ನಿಂತಿತ್ತು. ಅಕ್ಕನಿಗೆ ಅದು ಕಾಣಲೇ ಇಲ್ಲ. ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಬದಿಯಿಂದ ಕಣ್ಣು ಮುಚ್ಕೊಂತಾ ಬರ್ತಾ ಇದೆ ಮಾರಾಯ್ತಿ. ನಡುವಿಂದು ಮಾತ್ರ ಕಾಣೋದು. ಮೌಸಿನ ಬಾಣ ಎಲ್ಲಿ ಹೋತು ಅಂತ ಹುಡುಕಕ್ಕೇ ಆಗಲ್ಲ," ಎಂದರು. ಆಮೇಲೆ, "ಆಫೀಸಲ್ಲಿ ಯಾರಿಗೂ ಹೇಳ್ಬೇಡ. ಈ ಕೆಲಸ ಒಂದು ಇರ್ಲಿ ನಂಗೆ."

ಅವತ್ತಿನಿಂದ ನನಗೆ ನೆಮ್ಮದಿ ಇಲ್ಲ. ಮಾಲೀಕರು ಅಕ್ಕನ ಕುರ್ಚಿಯ ಹಿಂದೆ ನಿಂತರೆ ಏನಾದರೂ ನೆಪ ಹೇಳಿ ನನ್ನ ಮೇಜಿಗೆ ಕರೆಯುತ್ತಿದ್ದೆ. ಯಾರಾದರೂ ಪಕ್ಕದಿಂದ ಕಾಗದ ಚಾಚಿದರೆ ಅಕ್ಕನಿಗಿಂತ ಮೊದಲು ನಾನೇ ಕೈ ಒಡ್ಡುತ್ತಿದ್ದೆ. ಅಷ್ಟರಲ್ಲಿ ಮಾಲೀಕರು, ಇನ್ನು ಎಲ್ಲರೂ ಹೊಸ ಪ್ರೋಗ್ರಾಮಿನಲ್ಲೇ ಕೆಲಸ ಮಾಡಬೇಕು ಎಂದುಬಿಟ್ಟರು. ಅದು ಪೂರ್ತಿ ಮೌಸಿನದು, ಪರದೆಯ ಮೂಲೆ ಮೂಲೆಗೂ ಗುಂಡಿ. ಅಕ್ಕ ಅವತ್ತು ಊಟದ ಡಬ್ಬಿ ತೆರೆಯಲಿಲ್ಲ.

ನಾವಿಬ್ಬರೂ ಸೇರಿ ಆ ಒಂದೊಂದು ಗುಂಡಿಯ ಕೆಲಸಕ್ಕೂ ಟರ್ಮಿನಲ್ಲಿನಿಂದ ದಾರಿ ಮಾಡತೊಡಗಿದೆವು. ಯಾವುದಾದರೂ ಒಂದು ಬಿಟ್ಟುಹೋಗಿದ್ದರೆ, ಮಾಲೀಕರು ಅದನ್ನೇ ಮಾಡಿ ತೋರಿಸು ಎಂದರೆ... ಈ ಭಯದಲ್ಲಿ ನಾನು ನೋಡಿದ್ದನ್ನೇ ಮತ್ತೆ ಮತ್ತೆ ನೋಡುತ್ತಿದ್ದೆ. ನನ್ನ ಕಣ್ಣಿಗಿಂತ ನಿನ್ನ ಹೆದರಿಕೆಯೇ ದೊಡ್ಡ ಕಾಯಿಲೆ ಎಂದು ಅಕ್ಕ ಛೇಡಿಸುತ್ತಿದ್ದರು. ಕಡೆಗೊಂದು ದಿನ ಮಾಲೀಕರು ಕೇಳಿಯೇ ಕೇಳಿದರು. ಅಕ್ಕ ಟಕಟಕನೆ ಮಾಡಿ ತೋರಿಸಿದರು. ಕೆಲಸ ಆದರೆ ಸರಿ, ಹೇಗಾದರೂ ಮಾಡಿಕೊಳ್ಳಿ ಎಂದು ಮಾಲೀಕರು ಹೊರಟುಹೋದರು. ಗೆದ್ದೆವು ಅಂದುಕೊಂಡೆ.

ಅದಾದ ಸ್ವಲ್ಪ ದಿನಕ್ಕೆ, ಬೆಳಿಗ್ಗೆ, ನಾನು ಮಹಡಿಯಲ್ಲಿ ನಿಂತು ಅವರ ಬಸ್ಸಿಗೆ ಕಾಯುತ್ತಿದ್ದೆ. ಅಕ್ಕ ಇಳಿದರು. ನೇರ ನಮ್ಮ ಮೆಟ್ಟಿಲನ್ನೇ ನೋಡುತ್ತಾ ರಸ್ತೆಗೆ ಕಾಲಿಟ್ಟರು. ಬಲಗಡೆಯಿಂದ ಬೈಕು ಬಂತು. ನಾನು ಕೂಗಿದ್ದು ಅವರಿಗೆ ಕೇಳಿಸಲಿಲ್ಲ.

ಸೊಂಟದ ಮೂಳೆ ಮುರಿದಿತ್ತು. ಅವರ ಅಣ್ಣ ಇನ್ನು ಕೆಲಸಕ್ಕೆ ಕಳಿಸುವುದಿಲ್ಲ ಎಂದರು. ಮನೆಯಿಂದಲೇ ಮಾಡಲಿ ಎಂದು ನಾನು ಮಾಲೀಕರ ಬಳಿ ಅಂಗಲಾಚಿದೆ. ವರ್ತಕರ ಲೆಕ್ಕ ಆಫೀಸಿನಿಂದ ಹೊರಗೆ ಹೋಗುವಂತಿಲ್ಲ ಎಂದರು. ಪರದೆಯನ್ನು ಅಕ್ಕನಿಗೆ ತಕ್ಕಂತೆ ಮಾಡಿದ್ದೆವು, ರಸ್ತೆಯನ್ನು ಮಾಡಲು ಆಗಲಿಲ್ಲ. ಆ ಸಂಕಟ ನನಗೆ ಇನ್ನೂ ಹೋಗಿಲ್ಲ.

ಸೊರಬದ ಮನೆಗೆ ನೋಡಲು ಹೋದಾಗ ಮಲಗಿದಲ್ಲಿಂದಲೇ ಆಫೀಸಿನ ಸುದ್ದಿಯನ್ನೆಲ್ಲ ಕೇಳಿದರು. ನಾವು ಮಾಡಿದ ಆದೇಶಗಳು ಏನಾದವು ಎಂದರು. ನಾನು ಅದರಲ್ಲೇ ಕೆಲಸ ಮಾಡುತ್ತಿದ್ದೇನೆ ಎಂದೆ.

"ನಿನ್ನ ಕಣ್ಣು ಚೆನಾಗಿದ್ಯಲ್ಲೇ. ಅದು ನಂಗೆ ಅಂತ ಮಾಡಿದ್ದು. ತೆಗೆದ್ಹಾಕು," ಎಂದರು.

ತೆಗೆಯಲು ಮನಸ್ಸು ಬರಲಿಲ್ಲ. ಅಕ್ಕ ಮತ್ತೆ ಎದ್ದು ಓಡಾಡಲಿಲ್ಲ... ತೀರಿಕೊಂಡು ವರ್ಷವಾಗುತ್ತಾ ಬಂತು.

ಹೊಸ ಕಂಪ್ಯೂಟರಿನಲ್ಲಿ ಆ ಆದೇಶಗಳನ್ನೆಲ್ಲ ಒಂದೊಂದಾಗಿ ಓಡಿಸಿ ನೋಡಿದೆ, ಯಾವುದಾದರೂ ಕೆಟ್ಟಿದ್ದರೆ ಏನು ಮಾಡಲಿ ಎಂದು ಹೆದರುತ್ತಲೇ. ಒಂದೂ ಕೆಟ್ಟಿಲ್ಲ. ಎಲ್ಲವೂ ಸರಿಯಾಗಿ ನಡೆಯುತ್ತದೆ. ಅದು ಬೇಕಾಗಿದ್ದವರು ಒಬ್ಬರೇ ಇದ್ದರು, ಅವರಿಲ್ಲ.